ಗುಣ ಆಗುವವರೆಗೆ

ನಾನು ಇಂಗ್ಲಿಷ್ ಕಲಿಸುವವಳು. ಗುರುವಾಯನಕೆರೆಯ ಹತ್ತಿರದ ಒಂದು ಹೈಸ್ಕೂಲಿನಲ್ಲಿ, ಮನೆಯಲ್ಲಿ ತುಳುವೋ ಬ್ಯಾರಿ ಭಾಷೆಯೋ ಕೊಂಕಣಿಯೋ ಮಾತಾಡುವ ಮಕ್ಕಳಿಗೆ ಪುಸ್ತಕದ ಕನ್ನಡದಲ್ಲಿ ಅರ್ಥ ಹೇಳಿಕೊಟ್ಟು ಇಂಗ್ಲಿಷ್ ಕಲಿಸುವ ಕೆಲಸ. ಅರ್ಥ ಹತ್ತಿರ ಹತ್ತಿರ ಇರುವ ಎರಡು ಶಬ್ದ ಕೊಟ್ಟು ವ್ಯತ್ಯಾಸ ಬರೆಯಿರಿ ಎಂದರೆ ಮಕ್ಕಳು ಎರಡೂ ಒಂದೇ ಅಲ್ವಾ ಟೀಚರ್ ಎನ್ನುತ್ತಾರೆ. ಅದನ್ನು ಕೇಳಿದರೆ ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಒಂದೇ ಆಗಿದ್ದರೆ ಆ ಬಿಳಿಯರಿಗೆ ಬೇರೆ ಕೆಲಸ ಇರಲಿಲ್ಲವಾ, ಎರಡೆರಡು ಯಾಕೆ ಇಟ್ಟುಕೊಂಡರು ಎಂದು ಬೈಯುತ್ತಿದ್ದೆ. ಈಗ ಬೈಯುವುದಿಲ್ಲ. ಟ್ರೀಟಬಲ್, ಕ್ಯೂರಬಲ್ ಎಂಬ ಎರಡು ಶಬ್ದಗಳು ನಮ್ಮ ಮನೆಯೊಳಗೆ ಬಂದು ಕುಳಿತ ಮೇಲೆ ಆ ಪ್ರಶ್ನೆಯನ್ನೇ ಕ್ಲಾಸಿನಲ್ಲಿ ಕೇಳುವುದು ಬಿಟ್ಟಿದ್ದೇನೆ.

ಅಕ್ಕನ ಮನೆ ಬಂಟ್ವಾಳದಲ್ಲಿ, ಬಿ.ಸಿ. ರೋಡಿನಿಂದ ಸ್ವಲ್ಪ ಒಳಗೆ. ನಾನು ಸಣ್ಣವಳಿರುವಾಗಲೇ ನಮ್ಮ ಅಮ್ಮ ತೀರಿಹೋದದ್ದರಿಂದ ಅಕ್ಕನೇ ನನಗೆ ತಾಯಿ. ಮಡಿಲಲ್ಲಿ ಎಲೆ-ಹೊಗೆಸೊಪ್ಪಿನ ಮೊರ ಇಟ್ಟುಕೊಂಡು ಬೀಡಿ ಕಟ್ಟಿ ಕಟ್ಟಿ ನನ್ನನ್ನು ಓದಿಸಿದವಳು. ಭಾವ ಬಸ್‌ಸ್ಟ್ಯಾಂಡಿನಲ್ಲಿ ಬಸ್ ಏಜೆಂಟರು. ಬಸ್ಸು ಬಂದು ನಿಂತ ಕೂಡಲೇ ವಿಟ್ಲ ವಿಟ್ಲ, ಬೆಳ್ತಂಗಡಿ ಬೆಳ್ತಂಗಡಿ ಎಂದು ಬೊಬ್ಬೆ ಹೊಡೆದು ಜನ ಹತ್ತಿಸುವುದು ಅವರ ಕೆಲಸ. ದಿನವಿಡೀ ಅಲ್ಲಿ ಕೂಗಿ ಕೂಗಿ ಮನೆಗೆ ಬರುವಾಗ ಗಂಟಲು ಕಟ್ಟಿಹೋಗಿರುತ್ತಿತ್ತು, ಹಾಗಾಗಿ ಮನೆಯಲ್ಲಿ ಮಾತೇ ಇಲ್ಲ. ಅವರಿಬ್ಬರಿಗೆ ಮಕ್ಕಳಾಗಲಿಲ್ಲ. ನನ್ನನ್ನು ಭಾವ ಕರೆಯುವುದು ಟೀಚರೇ ಎಂದು, ಅರ್ಧ ಕುಶಾಲಿಗೆ, ಅರ್ಧ ಹೆಮ್ಮೆಗೆ.

ಭಾವನಿಗೆ ಮೀನು ಇಲ್ಲದೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಸುಮ್ಮನೆ ಹೇಳುವ ಮಾತಲ್ಲ ಇದು. ಮದುವೆಮನೆಯ ಊಟ ಮುಗಿಸಿ ಬಂದರೂ ಮನೆಯಲ್ಲಿ ಒಂದು ಹಿಡಿ ಗಂಜಿಗೆ ನಿನ್ನೆಯ ಬಂಗುಡೆಯ ಹುಳಿಖಾರದ ಸಾರು, ಪುಳಿಮುಂಚಿ, ಕಲಸಿ ಉಂಡರೇ ಅವರಿಗೆ ಊಟ ಆದಂತೆ. ಮಳೆಗಾಲದಲ್ಲಿ ಬೋಟುಗಳು ಕಡಲಿಗಿಳಿಯದ ತಿಂಗಳಲ್ಲಿ ಒಣಮೀನಿನ ಚಟ್ನಿಯಾದರೂ ಬೇಕು. ಬೆಳಿಗ್ಗೆ ಸ್ಕೂಟರಿಗೆ ಪೆಟ್ಟಿಗೆ ಕಟ್ಟಿಕೊಂಡು ಮೀನು ತರುವ ಮುಸ್ಲಿಂ ವ್ಯಾಪಾರಿ, ನಾವು ಗೌರವಕ್ಕೆ ಬ್ಯಾರಿಗಳು ಎನ್ನುವವರು, ತಿರುವಿನಲ್ಲಿ ಪೋಂ ಪೋಂ ಎಂದರೆ ಸಾಕು, ಭಾವ ಹಲ್ಲುಜ್ಜುವುದನ್ನು ಅರ್ಧಕ್ಕೆ ಬಿಟ್ಟು ಗೇಟಿಗೆ ಓಡುತ್ತಿದ್ದರು. ಅಕ್ಕ ಒಳಗಿನಿಂದ, ಮೀನೇನು ಪೆಟ್ಟಿಗೆಯಿಂದ ಹಾರಿ ಹೋಗ್ತದಾ ಎಂದು ತಮಾಷೆ ಮಾಡುತ್ತಿದ್ದಳು.

ಅಕ್ಕನಿಗೆ ಬೆನ್ನುನೋವು ಶುರುವಾದಾಗ ಬೀಡಿಗೆ ಕುಳಿತು ಕುಳಿತು ಹಾಗಾಯಿತು ಎಂದುಕೊಂಡೆವು. ಎಣ್ಣೆ ಹಚ್ಚಿದ್ದಾಯಿತು, ಕಟ್ಟು ಕಟ್ಟಿದ್ದಾಯಿತು. ನೋವು ಜಗ್ಗಲಿಲ್ಲ, ಮೇಲಿಂದ ಸುಸ್ತು. ಕೊನೆಗೆ ಮಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಎಲುಬಿನೊಳಗಿನ ಮಜ್ಜೆ ತೆಗೆದು ನೋಡಿ, ಕಾಯಿಲೆ ಅಲ್ಲಿ ಉಂಟು ಎಂದರು. ಡಾಕ್ಟರು ಸಣ್ಣ ಪ್ರಾಯದವರು, ಎಲ್ಲಿಯವರೋ, ತುಳುವೂ ಬಾರದು ಕನ್ನಡವೂ ಬಾರದು. ಮಾತು ದಾಟಿಸಲು ನಾನು ರಜೆ ಹಾಕಿ ಹೋಗಿದ್ದೆ.

ಒಳ್ಳೆಯ ಮನುಷ್ಯ, ಅದನ್ನು ಹೇಳಲೇಬೇಕು. ನಿಧಾನಕ್ಕೆ, ಅಕ್ಕನ ಮುಖವನ್ನೇ ನೋಡುತ್ತ ಹೇಳಿದರು. ಇದು ಕ್ಯೂರಬಲ್ ಅಲ್ಲ, ಆದರೆ ಟ್ರೀಟಬಲ್. ಅವರ ಬಾಯಲ್ಲಿ ಆ 'ಆದರೆ' ಎಷ್ಟು ಮೆತ್ತಗಿತ್ತೆಂದರೆ ನನಗೂ ಒಂದು ಕ್ಷಣ ಸಮಾಧಾನವೇ ಆಯಿತು. ಮತ್ತೆ ಎಚ್ಚರವಾಯಿತು, ಇದನ್ನು ನಾನು ಇವರಿಗೆ ಹೇಳಬೇಕಲ್ಲ ಎಂದು. ಹೇಳಿದೆ. ಪೂರ್ತಿ ಗುಣ ಆಗುವ ಕಾಯಿಲೆ ಅಲ್ಲ, ಮದ್ದು ಉಂಟು, ಮದ್ದು ಕೊಡುತ್ತಾ ಇರಬೇಕು, ಮದ್ದು ಹಿಡಿದಷ್ಟು ದಿನ ಚೆನ್ನಾಗಿರುತ್ತಾಳೆ. ಒಂದು ಮಾತನ್ನೂ ಮುಚ್ಚಿಡಲಿಲ್ಲ, ಒಂದಕ್ಕೂ ಬೆಲ್ಲ ಹಚ್ಚಲಿಲ್ಲ.

ಅಕ್ಕ ಮದ್ದುಂಟಲ್ಲ, ಸಾಕು ಎಂದಳು. ಹೊರಡುವಾಗ ಡಾಕ್ಟರು, ಇವರಿಗೆ ಶಕ್ತಿ ಬೇಕು, ಮೊಟ್ಟೆ, ಮೀನು ಚೆನ್ನಾಗಿ ತಿನ್ನಲಿ ಎಂದು ಹೇಳಿದರು. ಅದನ್ನೂ ದಾಟಿಸಿದೆ.

ವಾಪಸು ಬರುವಾಗ ಪೊಳಲಿಯ ದಾರಿ ಕವಲಾಗುವಲ್ಲಿ ಜನ ಇಳಿಸಲು ಬಸ್ಸು ನಿಂತಿತು. ಭಾವ ಸೀಟಿನಿಂದ ಎದ್ದು ನಿಂತು, ಚಪ್ಪಲಿ ಕಳಚಿ, ಪೊಳಲಿಯ ದೇವಿಯ ಕಡೆಗೆ ಕೈ ಮುಗಿದರು. ನಮ್ಮಲ್ಲಿ ಹರಕೆಯನ್ನು ಮನಸ್ಸಿನಲ್ಲೇ ಗೊಣಗಿಕೊಂಡರೆ ಆಗುವುದಿಲ್ಲ, ಬಾಯಿಬಿಟ್ಟು ಹೇಳಿಕೊಳ್ಳಬೇಕು. ಹೇಳಿದ ಮಾತು ಹೇಳಿದ ಹಾಗೆಯೇ ನಡೆಯಬೇಕು. ಬಸ್ಸಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ, ಆದರೆ ಕೂಗದೆ, ಭಾವ ಹೇಳಿಕೊಂಡರು: "ಅಮ್ಮಾ, ಇವಳು ಗುಣ ಆಗುವವರೆಗೆ ನಾನು ಮೀನು ತಿನ್ನುವುದಿಲ್ಲ."

ನನಗೆ ಮಂಡೆ ಬಿಸಿಯಾಯಿತು. ಗುಣ ಆಗುವುದಿಲ್ಲ ಎಂದು ಈಗಷ್ಟೇ, ಇದೇ ಬಾಯಿಯಿಂದ, ಇವರ ಎದುರಿಗೇ ಹೇಳಿದವಳು ನಾನು. ಒಂದು ಪೂಜೆ ಹೇಳಿಕೊಳ್ಳಬಹುದಿತ್ತು, ಒಂದು ಸೀರೆ ಒಪ್ಪಿಸುತ್ತೇನೆ ಎನ್ನಬಹುದಿತ್ತು. ಅದೆಲ್ಲ ಬಿಟ್ಟು ಕೊನೆಯೇ ಇಲ್ಲದ್ದನ್ನು ಹೇಳಿಕೊಂಡು ಕುಳಿತರಲ್ಲ ಈ ಮನುಷ್ಯ! ಅಕ್ಕ ಕಿಟಕಿಯ ಕಡೆ ತಿರುಗಿ ನಗುತ್ತಿದ್ದಳು. ವಾರದೊಳಗೆ ತಾನೇ ಸೋತು ಬರ್ತಾರೆ, ನೋಡು ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಸೋಲಲಿಲ್ಲ. ಆ ಮನೆಗೆ ಮೀನು ಬರುವುದೇನೂ ನಿಲ್ಲಲಿಲ್ಲ, ಡಾಕ್ಟರು ಹೇಳಿದ್ದರಲ್ಲ. ಪೋಂ ಪೋಂ ಕೇಳಿದರೆ ಭಾವ ಮೊದಲಿನ ಹಾಗೆಯೇ ಗೇಟಿಗೆ ಓಡುತ್ತಿದ್ದರು, ಕಿವಿರು ಎತ್ತಿ ನೋಡಿ ಹೊಸತನ್ನೇ ಆರಿಸುತ್ತಿದ್ದರು. ಆದರೆ ಒಬ್ಬರಿಗೆ ಆಗುವಷ್ಟು ಮಾತ್ರ. ಇನ್ನೆರಡು ಹಾಕಲಾ ಎಂದು ಬ್ಯಾರಿಗಳು ಮೊದಮೊದಲು ಕೇಳುತ್ತಿದ್ದರಂತೆ. ವಿಷಯ ಗೊತ್ತಾದ ಮೇಲೆ ಕೇಳುವುದು ಬಿಟ್ಟು, ಇದ್ದುದರಲ್ಲಿ ಒಳ್ಳೆಯದನ್ನು ಅವರೇ ಬೇರೆ ತೆಗೆದಿಡುತ್ತಿದ್ದರು.

ಭಾನುವಾರಗಳಲ್ಲಿ ನಾನು ಹೋಗುತ್ತಿದ್ದೆ. ಮಧ್ಯಾಹ್ನದ ಊಟ ನೋಡುವುದೇ ಒಂದು ಹಿಂಸೆ. ಆಸ್ಪತ್ರೆಯಲ್ಲಿ ಕೊಡುವ ಸೂಜಿಮದ್ದಿನ ದೆಸೆಯಿಂದ ಅಕ್ಕನ ಬೆರಳ ತುದಿಗಳು ಮರಗಟ್ಟಿದ್ದವು, ಮುಳ್ಳು ಬಿಡಿಸಲು ಆಗುತ್ತಿರಲಿಲ್ಲ. ಭಾವ ಅವಳ ಪಕ್ಕದಲ್ಲಿ ಕುಳಿತು ಬಂಗುಡೆಯ ನಡುಮುಳ್ಳು ಎಳೆದು, ಬದಿಯ ಸಣ್ಣ ಮುಳ್ಳುಗಳನ್ನು ಒಂದೊಂದಾಗಿ ಹೆಕ್ಕಿ, ಮಾಂಸವನ್ನು ಅವಳ ಬಟ್ಟಲಿನ ಬದಿಗೆ ಗುಪ್ಪೆ ಮಾಡಿ ಇಡುತ್ತಿದ್ದರು. ಕೈತುಂಬ ಪುಳಿಮುಂಚಿಯ ಮಸಾಲೆ. ಎದ್ದು ಹೋಗಿ ಸೋಪು ಹಾಕಿ ಕೈ ತೊಳೆದು ಬಂದು, ತಮ್ಮ ಗಂಜಿಗೆ ಉಪ್ಪಿನಕಾಯಿ ಹಾಕಿಕೊಂಡು ಉಣ್ಣುತ್ತಿದ್ದರು. ಅಕ್ಕನಿಗೆ ಮೀನು ಸೇರುತ್ತಿರಲಿಲ್ಲ. ಎದುರಿಗೆ ಒಬ್ಬರು ಹೀಗೆ ಕುಳಿತರೆ ಯಾರಿಗೆ ತಾನೇ ರುಚಿಸುತ್ತದೆ?

ಅವಳ ನಗು ಕಡಿಮೆಯಾಗುತ್ತ ಬಂತು. ಅವಳಿಗೆ ಬೇಕಾಗಿದ್ದದ್ದು ದೊಡ್ಡದೇನೂ ಅಲ್ಲ, ಒಂದು ದಿನ ಇಬ್ಬರೂ ಒಟ್ಟಿಗೆ ಕುಳಿತು ಮೀನು ಉಣ್ಣಬೇಕು, ಅಷ್ಟೇ. ಬಾಯಿ ಬಿಟ್ಟು ಕೇಳಿದಳು, ಮುಖ ಊದಿಸಿಕೊಂಡಳು, ಎರಡು ದಿನ ತಾನೂ ಮೀನು ಬಿಟ್ಟು ನೋಡಿದಳು. ಪೊಳಲಿಗೆ ಹೋಗಿ ತಪ್ಪುಕಾಣಿಕೆ ಹಾಕಿ, ಹರಕೆ ಬದಲಿಸಿಕೊಂಡು ಬರುವ ಎಂದಳು. ಹಾಗೆ ಮಾಡುವ ಕ್ರಮ ನಮ್ಮಲ್ಲಿ ಉಂಟು, ಎಷ್ಟೋ ಜನ ಮಾಡುತ್ತಾರೆ, ಯಾರೂ ಆಡಿಕೊಳ್ಳುವುದಿಲ್ಲ. ಭಾವ ಮಾತ್ರ, ಆಗಲಿ, ಮೊದಲು ನೀನು ಹುಷಾರಾಗು ಎಂದು ಎದ್ದು ಹೋಗುತ್ತಿದ್ದರು.

ಮದ್ದು ಹಿಡಿಯಿತು. ಬೆನ್ನು ನೆಟ್ಟಗಾಯಿತು, ಮುಖದಲ್ಲಿ ರಕ್ತ ಕಾಣಿಸಿತು. ಮೂಡುಬಿದಿರೆಯಲ್ಲಿ ನಮ್ಮ ಮಾವನ ಮಗಳ ಮದುವೆಗೆ ಅಕ್ಕ ಸೀರೆ ಉಟ್ಟು ಬಂದು, ಪಂಕ್ತಿಯಲ್ಲಿ ಕುಳಿತು ಎರಡನೇ ಸಲ ಪಾಯಸ ಹಾಕಿಸಿಕೊಂಡಳು. ನೋಡಿದವರೆಲ್ಲ ಗುಣ ಆಯ್ತಲ್ಲ, ಪುಣ್ಯ ಎಂದರು. ಅಕ್ಕ ಆ ಮಾತನ್ನು ಗಟ್ಟಿ ಹಿಡಿದುಕೊಂಡಳು. ಮುಂದಿನ ಸಲ ಆಸ್ಪತ್ರೆಗೆ ಹೋಗುವ ಮೊದಲೇ ನನ್ನನ್ನು ಅಡುಗೆಮನೆಗೆ ಎಳೆದು, ಡಾಕ್ಟರು ಏನೇ ಹೇಳಲಿ, ಕ್ಯೂರ್ ಆಯಿತು ಅಂದರು ಎಂದು ಇವರಿಗೆ ಹೇಳು ಎಂದಳು. ನೀನು ಹೇಳಿದರೆ ನಂಬುತ್ತಾರೆ, ಇಂಗ್ಲಿಷ್ ಗೊತ್ತಿರುವುದು ನಿನಗೊಬ್ಬಳಿಗೇ ಅಲ್ಲವಾ ಎಂದು ಕೈ ಹಿಡಿದುಕೊಂಡಳು.

ರಿಪೋರ್ಟು ಚೆನ್ನಾಗಿತ್ತು. ಡಾಕ್ಟರು ನಕ್ಕರು, ಅಕ್ಕನ ಕೈ ಕುಲುಕಿದರು. ಹೊರಗೆ ಬಂದು ಬೆಂಚಿನಲ್ಲಿ ಕುಳಿತಾಗ ಅಕ್ಕ ನನ್ನ ಮೊಣಕೈಗೆ ತಿವಿದಳು. ನಾನು ಬಾಯಿ ತೆರೆಯುವ ಮೊದಲೇ ಭಾವ ಕೇಳಿದರು: "ಟೀಚರೇ, ಅವತ್ತು ಡಾಕ್ಟರು ಎರಡು ಶಬ್ದ ಹೇಳಿದ್ರಲ್ಲ, ಇವತ್ತು ಅದರಲ್ಲಿ ಯಾವುದು ಹೇಳಿದ್ದು?"

ಇವರು ಅದನ್ನು ನೆನಪಿಟ್ಟುಕೊಂಡಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲ. ಅಷ್ಟು ದಿನ ಬಸ್‌ಸ್ಟ್ಯಾಂಡಿನ ಗದ್ದಲದ ನಡುವೆ ಆ ಎರಡು ಶಬ್ದಗಳನ್ನು ಬಾಯಿಪಾಠ ಮಾಡಿಕೊಂಡು ತಿರುಗುತ್ತಿದ್ದರೋ ಏನೋ. ಅವರ ಕಣ್ಣು ನೋಡಿದೆ. ಅದರಲ್ಲಿ ಆಸೆ ಇತ್ತು. ಹೇಳಿದೆ, ಎರಡನೆಯದೇ ಭಾವ, ಟ್ರೀಟಬಲ್, ಮದ್ದು ಚೆನ್ನಾಗಿ ಹಿಡಿದಿದೆ ಅಂದರು. ಹಾಂ ಎಂದು ತಲೆಯಾಡಿಸಿ, ಚೀಟಿ ಹಿಡಿದು ಮದ್ದಿನ ಅಂಗಡಿಗೆ ನಡೆದರು.

ಬಿ.ಸಿ. ರೋಡು ಬರುವವರೆಗೆ ಅಕ್ಕ ನನ್ನೊಡನೆ ಮಾತಾಡಲಿಲ್ಲ. ನಿನ್ನ ಇಂಗ್ಲಿಷಿಗೆ ಬೆಂಕಿ ಬೀಳಲಿ ಎಂದಳು, ಇಳಿಯುವಾಗ. ಅವತ್ತು ಸುಳ್ಳು ಹೇಳಬಹುದಿತ್ತಲ್ಲ ಎಂದು ಈಗ ಬಂದು ನನಗೆ ಬುದ್ಧಿ ಹೇಳುವವರಿದ್ದಾರೆ. ಅವರೊಡನೆ ಜಗಳಕ್ಕೇ ನಿಲ್ಲುತ್ತೇನೆ ನಾನು. ಮುಂದಿನ ತಿಂಗಳು ಮತ್ತೆ ಸೂಜಿಗೆ ಹೋಗುವಾಗ, ಗುಣ ಆದವಳಿಗೆ ಸೂಜಿ ಯಾಕೆ ಎಂದು ಆ ಮನುಷ್ಯ ಕೇಳಿದ್ದರೆ ಇವರ್ಯಾರಾದರೂ ಬಂದು ಉತ್ತರ ಹೇಳುತ್ತಿದ್ದರಾ?

ಮದ್ದು ಒಂದಷ್ಟು ಕಾಲ ಹಿಡಿಯಿತು, ಆಮೇಲೆ ಹಿಡಿಯಲಿಲ್ಲ. ಬೇರೆ ಮದ್ದು ಕೊಟ್ಟರು. ಅದೂ ಸ್ವಲ್ಪ ದಿನ. ಅಕ್ಕ ಮತ್ತೆ ಮಂಚಕ್ಕೆ ಬಂದಳು. ಬ್ಯಾರಿಗಳು ತೆಗೆದಿಡುವ ಮೀನೂ ಸಣ್ಣದಾಗುತ್ತ ಬಂತು. ಎರಡು ಬಂಗುಡೆ ಒಂದಾಯಿತು, ಒಂದರಲ್ಲೂ ಅರ್ಧ ಬಟ್ಟಲಿನಲ್ಲೇ ಉಳಿಯುತ್ತಿತ್ತು. ಉಳಿದದ್ದನ್ನು ಭಾವ ಹಿತ್ತಿಲಿಗೆ ಒಯ್ದು ಬೆಕ್ಕಿಗೆ ಹಾಕುತ್ತಿದ್ದರು. ಮೀನೆಂದರೆ ಪ್ರಾಣ ಬಿಡುತ್ತಿದ್ದ ಮನುಷ್ಯ ಬೆಕ್ಕು ತಿನ್ನುವುದನ್ನು ನೋಡುತ್ತ ಅಲ್ಲೇ ನಿಂತಿರುತ್ತಿದ್ದರು. ಇದನ್ನೆಲ್ಲ ನೋಡಿ ನನಗೆ ದೇವರ ಮೇಲೂ ಸಿಟ್ಟು, ಇವರ ಮೇಲೂ ಸಿಟ್ಟು.

ಆ ಡಾಕ್ಟರು ಒಂದು ದಿನ ನನ್ನೊಬ್ಬಳನ್ನೇ ಕರೆದು ಕೂರಿಸಿದರು. ಈ ಸಲ ಎರಡು ಶಬ್ದಗಳಲ್ಲಿ ಒಂದನ್ನೂ ಹೇಳಲಿಲ್ಲ. ಮನೆಗೆ ಕರೆದುಕೊಂಡು ಹೋಗಿ, ನೋವು ಆಗದ ಹಾಗೆ ನೋಡಿಕೊಳ್ಳುವ ಎಂದರು. ನಾನು ಹೊರಗೆ ಬಂದು ಭಾವನಿಗೆ ಹೇಳಿದೆ, ಇನ್ನು ಮದ್ದೂ ಇಲ್ಲವಂತೆ. ಅವರು ಆಂಬುಲೆನ್ಸಿಗೆ ಹೇಳಿ ಬರ್ತೇನೆ ಎಂದು ಹೋದರು.

ಮನೆಗೆ ಬಂದು ಕೆಲವು ದಿನವಾದ ಮೇಲೆ, ಒಂದು ಮಧ್ಯಾಹ್ನ ಅಕ್ಕನಿಗೆ ಇದ್ದಕ್ಕಿದ್ದ ಹಾಗೆ ಬಂಗುಡೆಯ ಪುಳಿಮುಂಚಿ ಬೇಕೆನಿಸಿತು. ನಾನು ರಜೆ ಹಾಕಿ ಅಲ್ಲೇ ಇದ್ದೆ. ಅವಳು ಮಂಚದಿಂದಲೇ ಹುಳಿ ಇಷ್ಟು, ಮೆಣಸು ಇಷ್ಟು, ಶುಂಠಿ ಜಜ್ಜಿ ಹಾಕು ಎಂದು ಹೇಳಿಕೊಟ್ಟಳು, ನಾನು ಮಾಡಿದೆ. ಭಾವನೂ ಅವತ್ತು ಮನೆಯಲ್ಲಿದ್ದರು. ಅವಳ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಯಾವಾಗಿನ ಹಾಗೆ ಮುಳ್ಳು ಬಿಡಿಸಿ, ಗಂಜಿಯಲ್ಲಿ ಕಲಸಿ ಬಾಯಿಗಿಟ್ಟರು. ಒಂದು ತುತ್ತು ನುಂಗಿದಳು. ಎರಡನೆಯದನ್ನು ಬಾಯಿಗೆ ತೆಗೆದುಕೊಳ್ಳಲಿಲ್ಲ. ಅವರ ಕೈಯಿಂದ ಅದನ್ನು ತನ್ನ ಕೈಗೆ ತೆಗೆದುಕೊಂಡು, ಆ ಮರಗಟ್ಟಿದ ಬೆರಳುಗಳಲ್ಲೇ ಹೇಗೋ ಹಿಡಿದು, ಭಾವನ ಬಾಯಿಯ ಹತ್ತಿರ ತಂದಳು.

"ಒಂದು ಸಲ ತಿನ್ನಿ," ಎಂದಳು. "ನಾನು ನೋಡ್ತೇನೆ."

ಭಾವನ ಬಾಯಿ ತೆರೆಯಲಿಲ್ಲ. ಗಂಜಿಯ ನೀರು ಅಕ್ಕನ ಮಣಿಕಟ್ಟಿನವರೆಗೆ ಇಳಿಯಿತು. ಭಾವ ಅವಳ ಕೈಯನ್ನು ಮೆಲ್ಲ ಹಿಡಿದು ಬಟ್ಟಲಿಗೆ ಇಳಿಸಿ, "ಗುಣ ಆಗು, ಒಟ್ಟಿಗೆ ತಿನ್ನುವ," ಎಂದರು. ಅಕ್ಕ ಮತ್ತೆ ಒತ್ತಾಯ ಮಾಡಲಿಲ್ಲ. ಕಣ್ಣು ಮುಚ್ಚಿ ದಿಂಬಿಗೆ ಒರಗಿದಳು.

ನನಗೆ ತಡೆಯಲಾಗಲಿಲ್ಲ. ಅಡುಗೆಮನೆಯಲ್ಲಿ ಅವರನ್ನು ನಿಲ್ಲಿಸಿ ಬಾಯಿಗೆ ಬಂದ ಹಾಗೆ ಬೈದೆ. ನೀವು ಮನುಷ್ಯರಾ, ಸಾಯುವವಳು ಒಂದು ತುತ್ತು ಕೊಟ್ಟರೆ ತಿನ್ನಲಿಕ್ಕೆ ನಿಮಗೆ ಎಂತ ಕಷ್ಟ, ಗುಣ ಆಗುವುದಿಲ್ಲ ಎಂದು ಮೊದಲ ದಿನವೇ ಹೇಳಿದ್ದೆನಲ್ಲ, ಕಿವಿಗೆ ಬಿದ್ದಿರಲಿಲ್ಲವಾ ಎಂದೆ. ಭಾವ ನಳ್ಳಿಯ ಕೆಳಗೆ ಕೈ ಹಿಡಿದು ನಿಂತಿದ್ದರು. ಅವರ ಸ್ವರ ಎಷ್ಟು ಸಣ್ಣಗಿತ್ತೆಂದರೆ ನಾನು ನಳ್ಳಿ ನಿಲ್ಲಿಸಿ ಕೇಳಬೇಕಾಯಿತು.

"ಕೇಳಿದ್ದೇನೆ ಟೀಚರೇ. ಗುಣ ಆಗುವುದಾಗಿದ್ರೆ ಮದ್ದೇ ಸಾಕಿತ್ತಲ್ಲ, ಅಮ್ಮನಲ್ಲಿ ಕೇಳಲಿಕ್ಕೆ ಎಂತ ಇತ್ತು? ಆಗುವುದಿಲ್ಲಾಂತ ನೀನು ಹೇಳಿದ್ದಕ್ಕೇ ನಾನು ಕೇಳಿದ್ದು. ಈಗ ತಿಂದ್ರೆ, ಆಯ್ತು, ಇವಳನ್ನು ಕೊಂಡುಹೋಗು ಅಂತ ನಾನೇ ಹೇಳಿದ ಹಾಗೆ ಆಗ್ತದೆ. ನನ್ನಿಂದ ಆಗ್ಲಿಕ್ಕಿಲ್ಲ."

ಮೂರ್ಖತನ ಎಂದೇ ನನಗೆ ಆಗಲೂ ಅನಿಸಿತು, ಈಗಲೂ ಅನಿಸುತ್ತದೆ. ಅವಳು ಕೇಳಿದ್ದು ಒಂದೇ ಒಂದು, ಅದನ್ನು ಅವರು ಕೊಡಲಿಲ್ಲ. ಆದರೆ ಅವತ್ತು ನಳ್ಳಿಯನ್ನು ಮತ್ತೆ ತಿರುಗಿಸಿ, ಅವರ ಕೈಗೆ ಸೋಪು ಕೊಟ್ಟೆ.

ಅದೇ ವಾರ ಅಕ್ಕ ಹೋದಳು. ಬೆಳಿಗ್ಗೆ ಬ್ಯಾರಿಗಳ ಸ್ಕೂಟರು ತಿರುವಿನಲ್ಲಿ ಬಂದು, ಅಂಗಳದಲ್ಲಿ ಜನ ನೋಡಿ ಹಾರ್ನ್ ಮಾಡದೆ ನಿಂತಿತು. ಅವರು ಪೆಟ್ಟಿಗೆಯನ್ನು ರಸ್ತೆಯ ಬದಿಯಲ್ಲೇ ಬಿಟ್ಟು, ಕೈಕಾಲು ತೊಳೆದು ಒಳಗೆ ಬಂದು, ಭಾವನ ಪಕ್ಕದಲ್ಲಿ ತುಂಬ ಹೊತ್ತು ಕುಳಿತಿದ್ದರು.

ಉತ್ತರಕ್ರಿಯೆಯ ಬೊಜ್ಜ ಮುಗಿದು ಸೂತಕ ಕಳೆದ ಮೇಲೆ, ಸತ್ತವರಿಗೆ ಅವರಿಗೆ ಇಷ್ಟವಾದದ್ದನ್ನೆಲ್ಲ ಅಡುಗೆ ಮಾಡಿ ಬಡಿಸುವ ಕ್ರಮ ನಮ್ಮ ಮನೆಗಳಲ್ಲಿ ಉಂಟು. ಒಳಕೋಣೆಯಲ್ಲಿ ಬಾಳೆಲೆ ಹಾಕಿ ಬಡಿಸಿ, ಬಾಗಿಲು ಹಾಕಿ ಎಲ್ಲರೂ ಹೊರಗೆ ಸುಮ್ಮನೆ ನಿಲ್ಲಬೇಕು. ಹೋದವರು ಬಂದು ಉಂಡರು ಎನ್ನುವಷ್ಟು ಹೊತ್ತು ಬಿಟ್ಟು ಬಾಗಿಲು ತೆಗೆಯುತ್ತಾರೆ. ಆ ಎಲೆಯದನ್ನು ಆಮೇಲೆ ಮನೆಯವರು ಉಣ್ಣಬೇಕು, ಮೊದಲು ಗಂಡ. ಅಕ್ಕನ ಎಲೆಗೆ ನಾನು ಬಂಗುಡೆಯ ಪುಳಿಮುಂಚಿ ಬಡಿಸಿದ್ದೆ, ಅವಳು ಮಂಚದಿಂದ ಹೇಳಿಕೊಟ್ಟ ಅದೇ ಲೆಕ್ಕದ ಹುಳಿ, ಮೆಣಸು ಹಾಕಿ.

ಬಾಗಿಲು ತೆಗೆದರು. ಮೂಡುಬಿದಿರೆಯಿಂದ ಬಂದಿದ್ದ ಮಾವ ಹಿರಿಯರು, ಅವರು ಭಾವನ ಭುಜ ಹಿಡಿದು ಎಲೆಯ ಮುಂದೆ ಕೂರಿಸಿದರು. ಇನ್ನು ಹರಕೆ ಇಲ್ಲ, ಯಾರಿಗಾಗಿ ಹೇಳಿಕೊಂಡದ್ದೋ ಅವಳೇ ಹೋದ ಮೇಲೆ ಅದು ಅಲ್ಲಿಗೆ ಮುಗಿಯಿತು, ಉಣ್ಣು ಎಂದರು. ಬಂದವರೆಲ್ಲ ಹೌದು ಹೌದು ಎಂದರು. ನನಗೂ ಇವರು ಒಮ್ಮೆ ಉಂಡುಬಿಡಲಿ, ಅವಳು ಎಲ್ಲಿದ್ದರೂ ನೋಡಲಿ ಎಂದೇ ಇತ್ತು.

ಭಾವ ಎಲೆಯನ್ನು ಹತ್ತಿರ ಎಳೆದುಕೊಂಡರು. ಬಂಗುಡೆಯನ್ನು ಬಿಡಿಸಿ ನಡುಮುಳ್ಳು ತೆಗೆದರು. ಬದಿಯ ಮುಳ್ಳುಗಳನ್ನು ಒಂದೊಂದಾಗಿ ಹೆಕ್ಕಿ ಎಲೆಯ ತುದಿಗೆ ಇಟ್ಟರು. ಮಾಂಸವನ್ನೆಲ್ಲ ಒಂದು ಬದಿಗೆ ಗುಪ್ಪೆ ಮಾಡಿದರು. ಎಲ್ಲರೂ ಕಾಯುತ್ತಿದ್ದರು. ಅವರು ಎದ್ದರು.

"ನಾನು ಹೇಳಿದ್ದು ಗುಣ ಆಗುವವರೆಗೆ ಅಂತ," ಎಂದು ಮಾವನಿಗೆ ಹೇಳಿದರು. "ಗುಣ ಆಗ್ಲಿಲ್ಲಲ್ಲ."

ಕೈ ತೊಳೆಯಲು ಹಿತ್ತಿಲಿಗೆ ಹೋದರು. ಬಡಿಸಿದ ಎಲೆಯನ್ನು ಹಾಗೆಯೇ ಎತ್ತಿ ಎಸೆಯುವ ಹಾಗಿಲ್ಲ, ಮನೆಯವರು ಯಾರಾದರೂ ಉಣ್ಣಲೇಬೇಕು. ನಾನು ಕುಳಿತು ಆ ಮೀನು ತಿಂದೆ. ಒಂದು ಮುಳ್ಳೂ ಸಿಗಲಿಲ್ಲ.